ಗರುಡಪಡೆಯ ಸೇವಾ ನಿಯಮಗಳು

ಅಕ್ರಮವಾಗಿ ಹಾರುವ ಡ್ರೋನ್‌ಗಳನ್ನು ಹಿಡಿಯಲು ಹಕ್ಕಿಗಳನ್ನು ನೇಮಿಸಿಕೊಂಡ ಸರ್ಕಾರಗಳು, ಈ ನೇಮಕಾತಿಯ ಬಗ್ಗೆ ಹಕ್ಕಿಗಳ ಅಭಿಪ್ರಾಯ ಕೇಳುವ ಗೋಜಿಗೆ ಹೋಗಲಿಲ್ಲ. 2016ರಲ್ಲಿ ನೆದರ್ಲೆಂಡ್ಸ್ ಪೊಲೀಸರ ಗರುಡವೊಂದು ಹಾರುತ್ತಿದ್ದ ಯಂತ್ರವನ್ನು ಉಗುರುಗಳಲ್ಲಿ ಅದುಮಿ ನೆಲಕ್ಕಿಳಿಸಿದ ದೃಶ್ಯ ಲೋಕವನ್ನೆಲ್ಲ ಸುತ್ತಿತು. ಮರುವರ್ಷದ ಕೊನೆಗೆ ಅದೇ ಇಲಾಖೆ, ಖರ್ಚು ಹೆಚ್ಚು, ಬೇಡಿಕೆ ಕಡಿಮೆ, ಮೇಲಾಗಿ ಹಕ್ಕಿಗಳು ಕಲಿಸಿದಂತೆ ಯಾವಾಗಲೂ ನಡೆದುಕೊಳ್ಳುವುದಿಲ್ಲ ಎಂದು ಹೇಳಿ ಯೋಜನೆಯನ್ನು ಮುಚ್ಚಿತು. ಈ ಮೂರೂ ದೋಷಗಳಿರುವ ನೌಕರರನ್ನು ನಿವೃತ್ತಿಯವರೆಗೂ ಸಾಕುವ ಇಲಾಖೆಗಳು ಲೋಕದಲ್ಲಿ ಬೇಕಾದಷ್ಟಿವೆ. ಗರುಡಗಳಿಗೆ ಸಂಘವಿರಲಿಲ್ಲ, ಅಷ್ಟೇ.

ಫ್ರಾನ್ಸಿನ ವಾಯುಪಡೆಯದು ಇನ್ನೂ ಶಾಸ್ತ್ರೋಕ್ತ ಕ್ರಮ. ಅದು ಗೋಲ್ಡನ್ ಈಗಲ್ ಮರಿಗಳಿಗೆ ಕಥೆಯ ಖಡ್ಗವೀರರ ಹೆಸರಿಟ್ಟು, ಡ್ರೋನ್‌ನ ಅವಶೇಷಗಳ ಮೇಲೆಯೇ ಮಾಂಸ ಇಟ್ಟು ತಿನ್ನಿಸಿ, ಯಂತ್ರದ ತಿರುಗುವ ರೆಕ್ಕೆಗಳಿಂದ ಬೆರಳು ತುಂಡಾಗದಿರಲೆಂದು ಚರ್ಮ ಮತ್ತು ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರಿನ ಕವಚವನ್ನು ಕಾಲಿಗೆ ತೊಡಿಸಿ, ಡ್ರೋನ್ ಎಂದರೆ ಊಟ ಎಂಬ ಏಕಸೂತ್ರ ಪಠ್ಯಕ್ರಮವನ್ನು ಬೋಧಿಸಿತು. ಪರವಾನಗಿ ಪಡೆದ ಡ್ರೋನ್, ಪಡೆಯದ ಡ್ರೋನ್ ಎಂಬ ಅಧ್ಯಾಯ ಆ ಪಠ್ಯದಲ್ಲಿಲ್ಲ. ಹಸಿದ ಹಕ್ಕಿಗೆ ಶತ್ರುವಿನ ಯಂತ್ರವೂ, ಸಚಿವರ ಸಮಾರಂಭವನ್ನು ಚಿತ್ರೀಕರಿಸುವ ಯಂತ್ರವೂ ಸಮಾನ ರುಚಿಯವು.

ಹಸಿವೇ ಇಲ್ಲಿ ನಿಜವಾದ ಸೇನಾಧಿಪತಿ. ಹೊಟ್ಟೆ ತುಂಬಿದ ಬೇಟೆಹಕ್ಕಿ ಕರೆದರೂ ತಿರುಗಿ ನೋಡದು. ಅದಕ್ಕಾಗಿಯೇ ಪಳಗಿಸುವವರು ಪ್ರತಿದಿನ ಅದನ್ನು ತಕ್ಕಡಿಯಲ್ಲಿ ಕೂರಿಸಿ, ಗ್ರಾಂ ಲೆಕ್ಕದಲ್ಲಿ ತೂಗಿ, ಆಮೇಲೆ ಹಾರಿಬಿಡುತ್ತಾರೆ. ಆದ್ದರಿಂದ ದಾಳಿ ಮಾಡುವವರು, ಹಕ್ಕಿಯ ಊಟವಾಗಿದೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಂಡು ಬರುವುದು ಸೌಜನ್ಯ.

ನಾವೇನು ಹಿಂದೆ ಬಿದ್ದಿಲ್ಲ. 2022ರ ನವೆಂಬರ್‌ನಲ್ಲಿ ಉತ್ತರಾಖಂಡದ ಔಲಿಯಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಸಮರಾಭ್ಯಾಸದಲ್ಲಿ ನಮ್ಮ ಸೇನೆ ಪ್ರದರ್ಶಿಸಿದ ಹದ್ದಿನ ಹೆಸರು ಅರ್ಜುನ. ಗುರುವಿನ ಪರೀಕ್ಷೆಯಲ್ಲಿ ಹಕ್ಕಿಯ ಕಣ್ಣಿಗೇ ಗುರಿಯಿಟ್ಟವನ ಹೆಸರನ್ನು ಹಕ್ಕಿಗೇ ಇಟ್ಟವರ ಹಾಸ್ಯಪ್ರಜ್ಞೆಗೆ ಪದಕ ಸಲ್ಲಬೇಕು.

ಉಳಿದಿರುವುದು ರಾತ್ರಿಪಾಳಿಯ ಪ್ರಶ್ನೆ. ಹದ್ದು, ಗರುಡಗಳು ಹಗಲು ಬೇಟೆಯಾಡುವವು. ಪಂಜಾಬ್ ಗಡಿಯಲ್ಲಿ ಮಾದಕವಸ್ತು ಹೊತ್ತು ತರುವ ಡ್ರೋನ್‌ಗಳಿಗೆ ಕತ್ತಲೆಯೇ ಪ್ರಿಯ. ಹೀಗಾಗಿ ಗೂಬೆಗಳ ಪ್ರತ್ಯೇಕ ಬೆಟಾಲಿಯನ್ ಒಂದನ್ನು ಮಂಜೂರು ಮಾಡುವುದು ಲೇಸು: ಯೋಜನೆ ಕೈಕೊಟ್ಟ ದಿನ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಕೂರಿಸಲು ಗೂಬೆಗಳು ಇಲಾಖೆಯ ಖರ್ಚಿನಲ್ಲೇ ಸಿದ್ಧವಾಗಿರುತ್ತವೆ.