ಮೊಲ ಏನು ತಿಂತು ಅನ್ನೋದಿರಲಿ, ಏನು ಹಾಕ್ತು ನೋಡಿ

ಮೊಲ ಸಾಕಿರೋರು ಯಾರಾದರೂ ಫೋನ್ ಮಾಡಿ "ನಿನ್ನೆಯಿಂದ ಯಾಕೋ ಸಪ್ಪಗಿದೆ, ಏನೂ ಮುಟ್ಟುತ್ತಿಲ್ಲ" ಅಂದರೆ ನಾನು ಮೊದಲು ಕೇಳೋದು ಒಂದೇ. ಹಿಕ್ಕೆ ಹಾಕಿದೆಯಾ? ಎಷ್ಟು? ಯಾವ ಗಾತ್ರದ್ದು? ಬಹಳಷ್ಟು ಜನಕ್ಕೆ ಉತ್ತರ ಗೊತ್ತಿರೋದಿಲ್ಲ. ಟ್ರೇ ಗುಡಿಸಿ ಚೆಲ್ಲಿರ್ತಾರೆ, ಕಣ್ಣು ಹಾಯಿಸಿರೋದಿಲ್ಲ. ಆದರೆ ಅದಕ್ಕೆ ಯಾವ ಹಣ್ಣು ಇಷ್ಟ, ಯಾವ ಬಿಸ್ಕತ್ತಿನ ಕವರ್ ಸದ್ದಿಗೆ ಓಡಿಬರುತ್ತೆ ಅನ್ನೋದು ಮಾತ್ರ ಬಾಯಿಪಾಠ.

"ಮೊಲ ಬಲು ಸೂಕ್ಷ್ಮ ಪ್ರಾಣಿ, ಸುಮ್ಮಸುಮ್ಮನೆ ಸತ್ತುಹೋಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ನಾನು ಇದನ್ನ ಪೂರ್ತಿ ಒಪ್ಪೋದಿಲ್ಲ. ಅದರ ಹೊಟ್ಟೆ ಹುಲ್ಲಿಗೆ ಅಂತಲೇ ಆಗಿರೋದು. ನಾವು ಹುಲ್ಲನ್ನ ಹಾಸಿಗೆ ಮಾಡಿದ್ದೀವಿ, ಪೆಲೆಟ್ಟನ್ನ, ಅಂದರೆ ಅಂಗಡಿಯಲ್ಲಿ ಸಿಗೋ ಒತ್ತಿದ ಆಹಾರದ ಗುಳಿಗೆಯನ್ನ, ಊಟ ಮಾಡಿದ್ದೀವಿ, ಕ್ಯಾರೆಟ್ಟನ್ನ ಪ್ರೀತಿ ಮಾಡಿಬಿಟ್ಟಿದ್ದೀವಿ.

ಒಳಗೆ ನಡೆಯೋದು ಏನು ಅಂತ ಗೊತ್ತಿದ್ದರೆ ಉಳಿದದ್ದು ಸುಲಭ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗೋ ಕಡೆ ಮೊಲಕ್ಕೆ ಸೀಕಮ್ ಅಂತ ಒಂದು ದೊಡ್ಡ ಚೀಲ ಇದೆ, ಅದರ ತುಂಬ ಬ್ಯಾಕ್ಟೀರಿಯಾ. ತಿಂದದ್ದರಲ್ಲಿ ಒರಟು ನಾರು ಬೇರೆಯಾಗಿ ಗುಂಡು ಹಿಕ್ಕೆಯಾಗಿ ಹೊರಗೆ ಬೀಳುತ್ತೆ. ನುಣ್ಣಗಿರೋದು ಹಿಂದಕ್ಕೆ ಸೀಕಮ್‌ಗೆ ಹೋಗಿ ಅಲ್ಲಿ ಹುದುಗುತ್ತೆ. ಹುದುಗಿದ್ದು ಮೆತ್ತಗೆ, ಮಿರಮಿರ ಮಿಂಚುತ್ತಾ, ಪುಟ್ಟ ದ್ರಾಕ್ಷಿಗೊಂಚಲಿನ ಹಾಗೆ ಬರುತ್ತೆ. ಮೊಲ ಬಗ್ಗಿ ಅದನ್ನ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗಿಬಿಡುತ್ತೆ. ಅಸಹ್ಯಪಟ್ಟುಕೊಂಡು ತಡೆಯೋರಿದ್ದಾರೆ. ದಯವಿಟ್ಟು ಬೇಡ. ಬಿ ವಿಟಮಿನ್ನು, ಒಂದಷ್ಟು ಪ್ರೋಟೀನು ಅದಕ್ಕೆ ಸಿಗೋದು ಅದರಿಂದಲೇ.

ಆ ಒರಟು ನಾರಿನಿಂದ ಪೋಷಣೆ ಹೆಚ್ಚೇನೂ ಇಲ್ಲ, ಆದರೆ ಕರುಳನ್ನ ನಡೆಸೋದು ಅದೇ. ನಾರು ಕಡಿಮೆಯಾದರೆ ಕರುಳು ನಿಧಾನವಾಗುತ್ತೆ, ಒಳಗಿದ್ದದ್ದು ಒಣಗಿ ಗಟ್ಟಿಯಾಗುತ್ತೆ, ಗ್ಯಾಸ್ ತುಂಬುತ್ತೆ, ನೋವಿಗೆ ಮೊಲ ತಿನ್ನೋದು ಬಿಡುತ್ತೆ, ತಿನ್ನದೆ ಕರುಳು ಇನ್ನೂ ನಿಧಾನವಾಗುತ್ತೆ. ಜಿಐ ಸ್ಟೇಸಿಸ್ ಅಂತ ಡಾಕ್ಟರು ಹೇಳೋದು ಇದನ್ನೇ. ಹಲ್ಲು ನೋವು, ಹೆದರಿಕೆ, ವಿಪರೀತ ಸೆಖೆ, ನೀರು ಸಾಲದಿರೋದು, ಇವುಗಳಿಂದಲೂ ಇದು ಶುರುವಾಗಬಹುದು. ಹೊಟ್ಟೆಯಲ್ಲಿ ಕೂದಲುಂಡೆ ಕಟ್ಟಿದೆ ಅಂತ ಅನಾನಸ್ ರಸ ಕುಡಿಸೋರಿಗೆ ಒಂದು ಮಾತು: ಸಾಮಾನ್ಯವಾಗಿ ಕರುಳು ನಿಧಾನವಾದ ಮೇಲೆ ಕೂದಲು ಸೇರಿಕೊಳ್ಳೋದು, ಮತ್ತು ಆ ರಸದಲ್ಲಿರೋದು ಸಕ್ಕರೆ, ಅದು ಕೂದಲನ್ನ ಕರಗಿಸೋದಿಲ್ಲ.

ಹಾಗಾದರೆ ಏನು ಕೊಡಬೇಕು? ಊಟದಲ್ಲಿ ಶೇಕಡಾ 80ಕ್ಕೂ ಹೆಚ್ಚು ಒಣಹುಲ್ಲು. ಅಳತೆ ಬೇಡ, ಹಗಲೂ ರಾತ್ರಿ ಇರಬೇಕು. ಅಲ್ಫಾಲ್ಫಾ ಅನ್ನೋ ಮೇವಿನಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ, ಬಸುರಿಗೆ, ಹಾಲೂಡಿಸೋ ತಾಯಿಗೆ ಸರಿ. ದೊಡ್ಡ ಮೊಲಕ್ಕೆ ದಿನಾ ಅದೇ ಹಾಕಿದರೆ ಹೆಚ್ಚಾದ ಕ್ಯಾಲ್ಸಿಯಂ ಮೂತ್ರದಲ್ಲಿ ಬಿಳಿ ಗಸಿಯಾಗಿ ಇಳಿಯುತ್ತೆ. ಹಲ್ಲಿಗೂ ಹುಲ್ಲೇ ಬೇಕು. ಮೊಲದ 28 ಹಲ್ಲೂ ಜೀವನಪೂರ್ತಿ ಬೆಳೀತಾನೇ ಇರುತ್ತವೆ, ಮುಂದಿನವು ವಾರಕ್ಕೆ ಸುಮಾರು 2 ಮಿ.ಮೀ. ದವಡೆ ಹಲ್ಲು ಸವೆಯೋದು ಹುಲ್ಲನ್ನ ಅಕ್ಕಪಕ್ಕಕ್ಕೆ ಅರೆದಾಗ. ಪೆಲೆಟ್ಟಾದರೆ ಎರಡು ಕಚ್ಚಿಗೆ ಪುಡಿ, ಮುಗೀತು.

ಪೆಲೆಟ್ ದಿನಕ್ಕೆ ಕಿಲೋ ತೂಕಕ್ಕೆ 25 ಗ್ರಾಂ ದಾಟಬಾರದು. ಬಣ್ಣಬಣ್ಣದ ಕಾಳು, ಒಣಹಣ್ಣು ಬೆರೆಸಿದ ಮಿಕ್ಸ್ ಬರುತ್ತಲ್ಲ, ಅದನ್ನ ಮನೆಗೇ ತರಬೇಡಿ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಮೊಲಗಳಿಗೆ ಬೇರೆಬೇರೆ ಆಹಾರ ಹಾಕಿ ತಿಂಗಳುಗಟ್ಟಲೆ ಗಮನಿಸಿದರು. ಮಿಕ್ಸ್ ಸಿಕ್ಕ ಮೊಲಗಳು ರುಚಿಯಾದದ್ದನ್ನಷ್ಟೇ ಆರಿಸಿ ತಿಂದವು, ಹುಲ್ಲು ಕಡಿಮೆ ತಿಂದವು, ನೀರೂ ಕಡಿಮೆ ಕುಡಿದವು, ಹಿಕ್ಕೆ ಚಿಕ್ಕದಾಯ್ತು. ಕ್ಯಾರೆಟ್ ಅಂತೂ ಸಿಹಿತಿಂಡಿ. ಕಾರ್ಟೂನ್ ಮೊಲದ ಕೈಗೆ ಅದನ್ನ ಕೊಟ್ಟವರ ಪಾಪ ಎಲ್ಲಿ ಹೋಗುತ್ತೋ. ಸೊಪ್ಪು ಕೊಡಿ, ಆದರೆ ಹೊಸದನ್ನ ಒಂದೊಂದಾಗಿ, ಸ್ವಲ್ಪ ಸ್ವಲ್ಪ. ನೀರಿಗೆ ಬಾಟಲಿಗಿಂತ ಬಟ್ಟಲು ವಾಸಿ, ಹೆಚ್ಚು ಕುಡಿಯುತ್ತವೆ.

"ನಮ್ಮದು ಹುಲ್ಲು ಮುಟ್ಟೋದೇ ಇಲ್ಲ" ಅನ್ನೋರೇ ಜಾಸ್ತಿ. ಪೆಲೆಟ್ ಬಟ್ಟಲು ಸದಾ ತುಂಬಿದ್ದರೆ ಯಾಕೆ ಮುಟ್ಟುತ್ತೆ? ಒಂದೇ ದಿನಕ್ಕೆ ನಿಲ್ಲಿಸಬೇಡಿ, ಎರಡು ಮೂರು ವಾರದಲ್ಲಿ ಇಳಿಸುತ್ತಾ ಬನ್ನಿ. ಹುಲ್ಲನ್ನ ಟ್ರೇ ಪಕ್ಕದಲ್ಲೇ ಇಡಿ, ಮೊಲ ಹಿಕ್ಕೆ ಹಾಕುತ್ತಾ ತಿನ್ನೋ ಪ್ರಾಣಿ. ಬೂಸಲು ವಾಸನೆ ಬಂದರೆ ಎಸೆದುಬಿಡಿ.

ಈಗ ಟ್ರೇಗೆ ಬನ್ನಿ. ಒಳ್ಳೆ ಹಿಕ್ಕೆ ದುಂಡಗೆ, ಒಂದೇ ಗಾತ್ರದಲ್ಲಿ, ವಾಸನೆ ಇಲ್ಲದೆ ಇರುತ್ತೆ. ಬೆರಳಲ್ಲಿ ಒತ್ತಿ ಪುಡಿ ಮಾಡಿದರೆ ಒಳಗೆ ಹುಲ್ಲಿನ ಹೊಟ್ಟು ಕಾಣುತ್ತೆ. ಚಿಕ್ಕದಾಗಿ, ಕಪ್ಪಗೆ, ಗಟ್ಟಿಯಾಗಿ ಬಂದರೆ ನಾರೋ ನೀರೋ ಸಾಲುತ್ತಿಲ್ಲ. ಕೂದಲಿಂದ ಸರದ ಹಾಗೆ ಪೋಣಿಸಿಕೊಂಡಿದ್ದರೆ ಬಾಚೋದು ಹೆಚ್ಚಿಸಿ. ಹಿಂಭಾಗಕ್ಕೆ ಮೆತ್ತಗಿನದ್ದು ಅಂಟಿದ್ದರೆ ಊಟದಲ್ಲಿ ಸಕ್ಕರೆ, ಪಿಷ್ಟ ಜಾಸ್ತಿಯಾಗಿದೆ, ಇಲ್ಲ ಮೈ ಬಂದು ಬಗ್ಗೋಕಾಗ್ತಿಲ್ಲ. ಮರಿಗೆ ನೀರುನೀರಾಗಿ ಭೇದಿ ಆದರೆ ಕಾಯಲೇಬೇಡಿ.

ಹತ್ತು ಹನ್ನೆರಡು ಗಂಟೆ ತಿನ್ನಲಿಲ್ಲ, ಹಿಕ್ಕೆ ಇಲ್ಲ, ಬೆನ್ನು ಗೂನಾಗಿಸಿ ಕೂತಿದೆ, ಹೊಟ್ಟೆಯನ್ನ ನೆಲಕ್ಕೆ ಒತ್ತುತ್ತಿದೆ, ಹಲ್ಲು ಕಡಿಯುತ್ತಿದೆ ಅಂದರೆ ಅದು ತುರ್ತು. ಬೆಳಗಾಗಲಿ ಅನ್ನಬೇಡಿ. ಹೊಟ್ಟೆ ಬಿಗಿದು ಉಬ್ಬಿದ್ದರೆ ಕರುಳು ಕಟ್ಟಿರಬಹುದು. ಡಾಕ್ಟರು ನೋಡೋವರೆಗೆ ಸಿರಿಂಜಲ್ಲಿ ಏನೂ ಕುಡಿಸಬೇಡಿ.

ಡಾಕ್ಟರಿಗೆ ಮೊಲದ ಅನುಭವ ಇದೆಯಾ ಅಂತ ಕೇಳೋಕೆ ಸಂಕೋಚ ಬೇಡ. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿ ಅಂದರೆ ಬೇಡ ಅನ್ನಿ. ನಾಯಿಗೆ ಒಗ್ಗೋ ಆ ಔಷಧ ಮೊಲದ ಸೀಕಮ್‌ನ ಬ್ಯಾಕ್ಟೀರಿಯಾ ಸಮತೋಲನ ಕೆಡಿಸಿ ಜೀವಕ್ಕೇ ಕುತ್ತು ತರಬಹುದು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಉಪವಾಸ ಇರಿಸಿ ಅಂದರೂ ಅಷ್ಟೇ. ಮೊಲಕ್ಕೆ ವಾಂತಿ ಮಾಡೋಕೆ ಬರೋದಿಲ್ಲ, ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿ ಇರಿಸೋಕೆ ಕಾರಣವೇ ಇಲ್ಲ. ಇಷ್ಟು ಗೊತ್ತಿಲ್ಲದೆ ಚಾಕು ಹಿಡಿಯೋರ ಹತ್ತಿರ ನಾನಾದರೆ ನನ್ನ ಮೊಲವನ್ನ ಬಿಡೋದಿಲ್ಲ.