ಎಡಗಡೆಯ ಕಿಸೆ

ಗರಾಜಿನಿಂದ ಬೀದಿಗೆ ಹೋಗುವ ಡ್ರೈವ್‌ವೇ ಮೇಲಿನ ಹಿಮವನ್ನೆಲ್ಲ ಎತ್ತಿಹಾಕಿ, ಸಲಿಕೆಯನ್ನು ಗರಾಜಿಗೆ ಒರಗಿಸಿ, ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಸರಿಯಾಗಿ ಬೀದಿಯ ತುದಿಯಲ್ಲಿ ಹಳದಿ ದೀಪ ತಿರುಗುತ್ತದೆ. ಬೀದಿಯ ಹಿಮ ತಳ್ಳುವ ಪ್ಲೌ ಲಾರಿ. ರಾತ್ರಿಯಿಡೀ ಎಲ್ಲಿತ್ತೋ, ಅಮೆರಿಕದ ಇಂಡಿಯಾನಾದ ಸೌತ್ ಬೆಂಡಿನಲ್ಲಿ ಚಳಿಗಾಲ ಕಳೆದ ಯಾರೂ ಕಂಡಿಲ್ಲ. ನಮ್ಮ ಕೆಲಸ ಮುಗಿಯುವುದನ್ನು ಪಕ್ಕದ ತಿರುವಿನಲ್ಲಿ ಕಾದು ನಿಂತಿರುತ್ತದೆ ಎಂಬ ಅನುಮಾನ ಮಾತ್ರ ಎಲ್ಲರಿಗೂ ಇದೆ.

ಚಾಲಕನದೇನೂ ತಪ್ಪಿಲ್ಲ, ಗೊತ್ತು. ಲಾರಿಯ ಮುಂದಿನ ಅಲಗು ಬಲಕ್ಕೆ ಓರೆಯಾಗಿರುತ್ತದೆ, ಬೀದಿಯ ಹಿಮವೆಲ್ಲ ಬಲಬದಿಗೆ ಬೀಳಬೇಕು, ಬಲಬದಿಯಲ್ಲಿ ನಮ್ಮ ಮನೆ ಇದೆ. ಆದರೆ ಬೀಳುವುದು ಆಕಾಶದಿಂದ ಬಿದ್ದ ಹಗುರ ಹಿಮವಲ್ಲ. ಉಪ್ಪು, ಮರಳು, ಮಂಜುಗಡ್ಡೆ ಸೇರಿ ಆರಿದ ಮುದ್ದೆಯಂತೆ ಬಿಗಿದುಕೊಂಡ ಒಡ್ಡು. ಡ್ರೈವ್‌ವೇ ಬಾಯಿಗೆ ಅಡ್ಡಲಾಗಿ, ಮೊಣಕಾಲೆತ್ತರ. ಮೇಲಿಂದ ಆತ ಕೈ ಎತ್ತಿ ನಗುತ್ತಾನೆ. ಮರ್ಯಾದಸ್ಥರು ನಾವು, ಸಲಿಕೆ ಹಿಡಿದ ಕೈಯನ್ನೇ ಎತ್ತಿ ನಗುತ್ತೇವೆ. ಎದುರು ಮನೆಯವರೂ ನಗುತ್ತಾರೆ. ಅವರ ಸರದಿ ಇನ್ನೂ ಬಂದಿರುವುದಿಲ್ಲ. ಆತ ಬೀದಿಯ ಕೊನೆಗೆ ಹೋಗಿ, ತಿರುಗಿ, ಆ ಬದಿಯವರಿಗೂ ನ್ಯಾಯ ಒದಗಿಸಿ, ಮತ್ತೆ ಕೈ ಎತ್ತುತ್ತಾನೆ. ಈ ಸಲ ನಗುವ ಸರದಿ ನಮ್ಮದು.

ಇದಕ್ಕೊಂದು ಉಪಾಯವಿದೆ. ಬೀದಿಗೆ ಮುಖ ಮಾಡಿ ನಿಂತುಕೊಳ್ಳಿ. ಲಾರಿ ಬರುವುದು ನಿಮ್ಮ ಎಡದಿಂದ. ಡ್ರೈವ್‌ವೇಯ ಎಡಪಕ್ಕದಲ್ಲಿ, ರಸ್ತೆಯ ಅಂಚಿಗೆ, ಹತ್ತು ಅಡಿ ಉದ್ದ ನಾಲ್ಕೈದು ಅಡಿ ಅಗಲದ ಜಾಗವನ್ನು ಮೊದಲೇ ಖಾಲಿ ಮಾಡಿಡಿ. ಅಲಗಿನ ಹೊರೆ ನಿಮ್ಮ ಡ್ರೈವ್‌ವೇ ಬಾಯಿ ಮುಟ್ಟುವ ಮುನ್ನ ಆ ಕಿಸೆಗೆ ಇಳಿಯುತ್ತದೆ. ನೀವು ಎತ್ತಿದ್ದೆಲ್ಲ ಬಲಕ್ಕೇ ಹೋಗಬೇಕು. ಎಡಕ್ಕೆ ಗುಡ್ಡೆ ಹಾಕಿದರೆ ಲಾರಿ ಅದನ್ನೂ ತಳ್ಳಿಕೊಂಡು ಬಂದು, ನಿಮ್ಮದನ್ನು ನಿಮಗೇ ವಾಪಸು ಕೊಡುತ್ತದೆ. ಇಷ್ಟು ಮಾಡಿದರೂ ಒಡ್ಡು ಪೂರ್ತಿ ತಪ್ಪುವುದಿಲ್ಲ, ಅರ್ಧ ಆಗುತ್ತದೆ. ಆ ಅರ್ಧವನ್ನು ಕೂಡಲೇ ಎತ್ತಿ. ಸಂಜೆಗೆ ಬಿಟ್ಟರೆ ಗುದ್ದಲಿಯೇ ಬೇಕು.

ಹಿಮದ ಮೂಲ ಮಿಶಿಗನ್ ಸರೋವರ. ವಾಯವ್ಯದ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು, ತೇವ ತುಂಬಿಕೊಂಡು, ದಡ ಹತ್ತಿದ ಕೂಡಲೇ ಇಳಿಸುತ್ತದೆ. ಇಳಿಸುವುದು ಕಿರಿದಾದ ಪಟ್ಟಿಗಳಲ್ಲಿ. ಹಾಗಾಗಿ ಇಲ್ಲಿ ಒಂದಡಿ ಬಿದ್ದಿರುವಾಗ ಕಾರಿನಲ್ಲಿ ಅರ್ಧ ಗಂಟೆ ದೂರದ ಸಹೋದ್ಯೋಗಿ ಬಿಸಿಲಿನ ಫೋಟೋ ಕಳಿಸುತ್ತಾನೆ. ಅಂಥವರ ಜೊತೆ ಬೆಳಗಿನ ಮೀಟಿಂಗ್ ಇಟ್ಟುಕೊಳ್ಳಬಾರದು.

ಬೆಳಗು ಎಂದೆನಲ್ಲ, ಅದೂ ಇಲ್ಲಿ ಕಷ್ಟವೇ. ಊರು ಪೂರ್ವದ ಕಾಲಮಾನದ ಪಶ್ಚಿಮ ಅಂಚಿನಲ್ಲಿದೆ. ಪಕ್ಕದ ಲಪೋರ್ಟ್ ಕೌಂಟಿಗೆ ಕಾಲಿಟ್ಟರೆ ಗಡಿಯಾರ ಒಂದು ಗಂಟೆ ಹಿಂದೆ. ಹೀಗಾಗಿ ಜನವರಿಯ ಮೊದಲ ವಾರ ನಮ್ಮಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ. ಎಂಟಕ್ಕೆ ಕೆಲಸಕ್ಕೆ ಸೇರುವವರು ಹಿಮ ಎತ್ತುವುದೆಲ್ಲ ಕತ್ತಲಲ್ಲೇ. ಷಿಕಾಗೋಗೆ ಹೋಗುವ ಸೌತ್ ಶೋರ್ ರೈಲಿನ ವೇಳಾಪಟ್ಟಿ ಷಿಕಾಗೋ ಗಂಟೆಯಲ್ಲಿದೆ, ಅದೂ ನಮಗಿಂತ ಒಂದು ಗಂಟೆ ಹಿಂದೆ. ಮರೆತವರಿಗೆ ರೈಲು ತಪ್ಪುವುದಿಲ್ಲ, ಒಂದು ಗಂಟೆ ಮೊದಲೇ ಹೋಗಿ ಬೆಂಚು ಕಾಯುತ್ತಾರೆ. ಮೈಸೂರಿನಿಂದ ಅಮ್ಮ "ಅಲ್ಲೀಗ ಎಷ್ಟು ಗಂಟೆಯೋ?" ಎಂದರೆ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಕಳೆಯಬೇಕು. ಇಂಡಿಯಾನಾದ ಹೆಚ್ಚಿನ ಭಾಗದಲ್ಲಿ 2006ರವರೆಗೆ ಗಡಿಯಾರವನ್ನು ವರ್ಷಕ್ಕೆರಡು ಸಲ ತಿರುಗಿಸುವ ಗೋಜೇ ಇರಲಿಲ್ಲವಂತೆ. ಯಾರಿಗೆ ಏನು ತೊಂದರೆಯಾಗಿತ್ತೋ.

ಇದು ಕಾರು ಮಾಡುತ್ತಿದ್ದ ಊರು. 1852ರಲ್ಲಿ ಬಂಡಿ ಕಟ್ಟಲು ಕೂತ ಸ್ಟೂಡೆಬೇಕರ್ ಸೋದರರ ಕಾರ್ಖಾನೆ 1963ರ ಡಿಸೆಂಬರಿನಲ್ಲಿ, ಕ್ರಿಸ್ಮಸ್‌ಗೆ ಕೆಲವೇ ದಿನ ಇರುವಾಗ, ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಸಾವಿರಾರು ಕೆಲಸಗಾರರಿಗೆ ನಂಬಿದ್ದ ಪಿಂಚಣಿಯ ಸಣ್ಣ ಚೂರು ಸಿಕ್ಕಿತು, ಹಲವರಿಗೆ ಅದೂ ಇಲ್ಲ. 1974ರಲ್ಲಿ ಅಮೆರಿಕ ಪಿಂಚಣಿ ಕಾನೂನು ಮಾಡಿದಾಗ ಈ ಊರಿನ ಹೆಸರು ಮತ್ತೆ ಮತ್ತೆ ಬಂತು. 1960ರಲ್ಲಿ 1.32 ಲಕ್ಷ ಇದ್ದ ಜನ 2020ಕ್ಕೆ 1.03 ಲಕ್ಷ. ಕಾರ್ಖಾನೆಯ ದೊಡ್ಡದೊಂದು ಕಟ್ಟಡದಲ್ಲಿ ಈಗ ಕಚೇರಿಗಳಿವೆ. ಹಳೆಯ ರೈಲು ನಿಲ್ದಾಣದಲ್ಲಿ ಕಂಪ್ಯೂಟರ್ ಸರ್ವರ್‌ಗಳು ಗುಂಯ್‌ಗುಡುತ್ತಿವೆ. ಆಗಿನ ಶಿಫ್ಟಿನವರೂ ಇದೇ ಕತ್ತಲಲ್ಲಿ ಇದೇ ಬೀದಿಗಳಲ್ಲಿ ಹಿಮ ಎತ್ತಿಯೇ ಕೆಲಸಕ್ಕೆ ಹೋಗಿರಬೇಕು. ಆದರೆ ಅವರು ಹೋಗುತ್ತಿದ್ದುದು ಕಾರು ಮಾಡಲು.

ನಮ್ಮ ಕೆಲಸ ಕಾರು ಉಳಿಸಿಕೊಳ್ಳುವುದು. ರಸ್ತೆಗೆ ಸುರಿಯುವ ಕಲ್ಲುಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂಥ ದಿನ ಮನೆ ಮೆಟ್ಟಿಲಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಒಂದು ಹಿಡಿ ಸಾಕು. ಮಂಜುಗಡ್ಡೆಯ ಮೇಲೆ ಸೋತ ಉಪ್ಪು ಕಬ್ಬಿಣದ ಮೇಲೆ ಮಾತ್ರ ತಪ್ಪದೆ ಗೆಲ್ಲುತ್ತದೆ. ಹಿಮ ಕರಗಿ ಉಷ್ಣಾಂಶ ಸೊನ್ನೆಗಿಂತ ಮೇಲೇರಿದ ದಿನ ಕಾರಿನ ಅಡಿಭಾಗಕ್ಕೆ ನೀರು ಹೊಡೆಸಿ; ಬಾಗಿಲ ರಬ್ಬರನ್ನು ಒರೆಸಿ ಸಿಲಿಕೋನ್ ಹಚ್ಚಿ, ಇಲ್ಲದಿದ್ದರೆ ರಾತ್ರಿ ಅಂಟಿಕೊಂಡು ಬೆಳಗ್ಗೆ ಹಿಡಿಕೆ ಕೈಗೆ ಬರುತ್ತದೆ. ಹಳೆಯ ಕಾರು ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಕೆಳಗೆ ಟಾರ್ಚ್ ಬಿಟ್ಟು ಬ್ರೇಕ್ ಪೈಪುಗಳನ್ನು ನೋಡಬೇಕು. ಉಗುರಿನಿಂದ ಕೆರೆದರೆ ಹೊಪ್ಪಳೆ ಏಳುವಂತಿದ್ದರೆ ಬೇಡ. ನೂರು ವರ್ಷ ಬಂಡಿ, ಕಾರು ಮಾಡಿ ಲೋಕಕ್ಕೆಲ್ಲ ಕಳಿಸಿದ ಊರಿನಲ್ಲಿ ಈಗ ಹಳೆಯ ಕಾರಿಗೆ ಎಲ್ಲಕ್ಕಿಂತ ದೊಡ್ಡ ಶಿಫಾರಸು ಅಂದರೆ "ಇದು ಫ್ಲಾರಿಡಾದಿಂದ ಬಂದದ್ದು ಸಾರ್" ಎನ್ನುವುದು, ಅಂದರೆ ರಸ್ತೆಯ ಉಪ್ಪು ಕಾಣದ ಕಾರು. ಅಂಥದ್ದು ಸಿಕ್ಕರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ.