ಪ್ರಮಾಣಪತ್ರವೇ ಪ್ರತಿಫಲವಲ್ಲ

ಸ್ವಯಂಸೇವೆಯಿಂದ ಯುವಕರಿಗೆ ದೊರೆಯುವ ಮುಖ್ಯ ಲಾಭ ಉದ್ಯೋಗದ ಅರ್ಜಿಯೊಂದಿಗೆ ಲಗತ್ತಿಸಬಹುದಾದ ಪ್ರಮಾಣಪತ್ರ ಎಂದು ಸ್ವಯಂಸೇವೆ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಒಪ್ಪಲಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಏಳು ದಿನಗಳ ವಿಶೇಷ ಶಿಬಿರವನ್ನೂ ಪೂರೈಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ನಿಜ. ಆದರೆ ಆ ಅವಧಿಯಲ್ಲಿ ವಿದ್ಯಾರ್ಥಿ ತನ್ನ ಊರನ್ನು ಎಷ್ಟು ಅರಿತನೆಂಬುದನ್ನು ಆ ಕಾಗದ ಹೇಳುವುದಿಲ್ಲ.

ಚಿತ್ರದುರ್ಗದ ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದಾಗ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಮುಂದೆ ಸಿಹಿನೀರು ಹೊಂಡ ಮತ್ತು ಸಂತೆ ಹೊಂಡದವರೆಗೆ ಹರಿದು ಬರುವಂತೆ ಪೂರ್ವಿಕರು ರೂಪಿಸಿದ ವ್ಯವಸ್ಥೆಯ ಬಗ್ಗೆ ನಮ್ಮ ಬಡಾವಣೆಯ ಹುಡುಗರು ಶಾಲೆಯಲ್ಲಿ ಕೇಳಿದ್ದರು. ಸಂತೆ ಹೊಂಡದ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಚೀಲಗಳನ್ನು ಸ್ವತಃ ತೆಗೆದಾಗಲೇ, ಮಳೆ ಅಪರೂಪವಾದ ಈ ಸೀಮೆಯಲ್ಲಿ ನೀರಿನ ಒಂದು ದಾರಿ ಕಟ್ಟಿಕೊಂಡರೆ ಏನಾಗುತ್ತದೆಂಬುದು ಅವರಿಗೆ ಮನದಟ್ಟಾಯಿತು. ಅದಕ್ಕಿಂತ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬೇರೆ: ಅದುವರೆಗೆ ಪೌರಕಾರ್ಮಿಕರನ್ನು ಕಣ್ಣೆತ್ತಿಯೂ ನೋಡದಿದ್ದ ಹುಡುಗರು ಈಗ ಅವರನ್ನು ಅಣ್ಣ, ಅಕ್ಕ ಎಂದು ಮಾತನಾಡಿಸುತ್ತಾರೆ, ಮನೆಯ ಕಸವನ್ನು ತಾವೇ ಬೇರ್ಪಡಿಸಿ ಕೊಡುತ್ತಾರೆ.

ಪೌರಕಾರ್ಮಿಕರ ಕೆಲಸವನ್ನು ಸ್ವಯಂಸೇವಕರ ತಲೆಗೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯ. ಕಾಲೇಜುಗಳು ಫೋಟೊ ತೆಗೆಸಿಕೊಳ್ಳಲು ಪ್ರತಿವರ್ಷ ಹೊಸ ಜಾಗ ಹುಡುಕುವ ಬದಲು ಒಂದೇ ಹೊಂಡದ ಹೊಣೆಯನ್ನು ಸತತವಾಗಿ ವಹಿಸಿಕೊಳ್ಳಲಿ, ಕೈಗವಸು ಮತ್ತು ಕಸ ಸಾಗಿಸುವ ವಾಹನವನ್ನು ನಗರಸಭೆ ಒದಗಿಸಲಿ.